ಸ್ಯಾನ್ ಡಿಯಾಗೊ ಕಡಲಿನಲ್ಲಿ ದೊಡ್ಡ ಬ್ಲೂಫಿನ್ ಟ್ಯೂನಾವನ್ನು ಬೋಟಿಗೇರಿಸುವ ಬಗೆ

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿರುವ ಸ್ಯಾನ್ ಡಿಯಾಗೊ ಬಂದರಿನಿಂದ ಹೊರಡುವ ಸ್ಪೋರ್ಟ್‌ಫಿಶಿಂಗ್ ಬೋಟುಗಳಲ್ಲಿ, ಟಿಕೆಟು ಕೊಂಡು ಹೋದ ಸಾಮಾನ್ಯ ಹವ್ಯಾಸಿಗೂ ನೂರು ಪೌಂಡು ದಾಟಿದ, ಅಂದರೆ 45 ಕಿಲೋಗಿಂತ ಹೆಚ್ಚು ತೂಗುವ ಬ್ಲೂಫಿನ್ ಟ್ಯೂನಾ ಸಿಗುವ ಸಾಧ್ಯತೆ ಕಳೆದ ಹತ್ತು ವರ್ಷಗಳಲ್ಲಿ ನಿಜಕ್ಕೂ ಹೆಚ್ಚಿದೆ. ಆದರೆ ಅಂಥ ಮೀನು ಗಾಳ ಕಚ್ಚುವುದು ಒಂದು ಮಾತಾದರೆ, ಅದು ಡೆಕ್ಕಿನ ಮೇಲೆ ಬಂದು ಬೀಳುವುದು ಬೇರೆಯೇ ಮಾತು. ಹೋರಾಟ ಒಂದು ಗಂಟೆ ನಡೆಯಲಿ, ಎರಡು ಗಂಟೆ ನಡೆಯಲಿ, ಮೀನು ಕೈತಪ್ಪುವುದು ಬಹುಪಾಲು ಮೊದಲ ಎರಡು ನಿಮಿಷಗಳಲ್ಲಿ ಅಥವಾ ಕೊನೆಯ ಹತ್ತು ಮೀಟರುಗಳಲ್ಲಿ. ಮೊದಲ ಎರಡು ನಿಮಿಷಗಳ ಫಲ ಮನೆಯಲ್ಲಿ ಕೂತು ಮಾಡಿಕೊಂಡ ತಯಾರಿಯಿಂದ ನಿರ್ಧಾರವಾಗುತ್ತದೆ. ಕೊನೆಯ ಹತ್ತು ಮೀಟರುಗಳದ್ದು ಕೈಯ ಸಂಯಮದಿಂದ. ತೋಳಿನ ಬಲ ಬೇಕಾಗುವುದು ನಡುವಿನ ದುಡಿಮೆಗೆ ಮಾತ್ರ, ಅದೂ ಬಹಳ ಜನ ಅಂದುಕೊಂಡಷ್ಟಲ್ಲ. ಆದ್ದರಿಂದ ಈ ಬರಹದಲ್ಲಿ ಆ ಎರಡು ಘಟ್ಟಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎದುರಾಳಿ ಎಂಥದ್ದು

ಪೆಸಿಫಿಕ್ ಬ್ಲೂಫಿನ್ ಮೊಟ್ಟೆಯಿಡುವುದು ಈ ಕಡೆಯ ನೀರಿನಲ್ಲಲ್ಲ. ಜಪಾನ್ ಮತ್ತು ತೈವಾನ್ ಸುತ್ತಮುತ್ತಲಿನ ಪಶ್ಚಿಮ ಪೆಸಿಫಿಕ್‌ನಲ್ಲಿ. ಅಲ್ಲಿ ಹುಟ್ಟಿದ ಮರಿಗಳಲ್ಲಿ ಒಂದು ಪಾಲು ಇಡೀ ಮಹಾಸಾಗರವನ್ನು ದಾಟಿ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ತೀರಕ್ಕೆ ಬಂದು, ಹಲವು ವರ್ಷ ಇಲ್ಲಿನ ಸಾರ್ಡಿನ್, ಆಂಚೊವಿಗಳನ್ನು ತಿಂದು ಬೆಳೆದು, ಸಂತಾನಕ್ಕಾಗಿ ಮತ್ತೆ ಪಶ್ಚಿಮಕ್ಕೆ ಹೋಗುತ್ತದೆ. ಇಂಥ ಪ್ರಯಾಣ ಸಾಧ್ಯವಾಗುವುದು ಅದರ ದೇಹ ರಚನೆಯಿಂದಾಗಿ. ಸ್ನಾಯುಗಳಲ್ಲಿ ಹುಟ್ಟುವ ಶಾಖ ಕಿವಿರುಗಳ ಮೂಲಕ ನೀರಿಗೆ ಸೋರಿಹೋಗದಂತೆ ತಡೆಯುವ ರಕ್ತನಾಳಗಳ ದಟ್ಟವಾದ ಜಾಲ ಅದಕ್ಕಿದೆ. ಹಾಗಾಗಿ ಸುತ್ತಲಿನ ನೀರಿಗಿಂತ ಅದರ ಮೈ ಬೆಚ್ಚಗಿರುತ್ತದೆ, ತಣ್ಣನೆಯ ಆಳದಲ್ಲೂ ಸ್ನಾಯುಗಳು ಮಂದವಾಗುವುದಿಲ್ಲ. ಗಾಳ ಹಿಡಿದವನು ಇದರಿಂದ ತಿಳಿಯಬೇಕಾದದ್ದು ಎರಡು. ನೀವು ಒಂದು ನಿಮಿಷ ಸುಧಾರಿಸಿಕೊಂಡರೆ ಮೀನು ಅದೇ ನಿಮಿಷದಲ್ಲಿ ನಿಮಗಿಂತ ಹೆಚ್ಚು ಚೇತರಿಸಿಕೊಳ್ಳುತ್ತದೆ. ಹೋರಾಟ ಸುಮ್ಮನೆ ಎಳೆದಾಡಿದಷ್ಟೂ ಅದರ ಮೈಯಲ್ಲಿ ಶಾಖ ಏರಿ ಮಾಂಸ ಕೆಡುತ್ತದೆ. ಹೀಗಾಗಿ ಗಟ್ಟಿಯಾದ, ಬಿಡುವಿಲ್ಲದ ಒತ್ತಡ ಕೊಟ್ಟು ಬೇಗ ಮುಗಿಸುವುದೇ ಎಲ್ಲ ದೃಷ್ಟಿಯಿಂದಲೂ ಸರಿ.

ಈ ಕಡಲಿಗೂ ಈ ಆಟಕ್ಕೂ ಹಳೆಯ ನಂಟಿದೆ. ಇಲ್ಲಿಂದ ವಾಯವ್ಯಕ್ಕಿರುವ ಸಾಂಟಾ ಕ್ಯಾಟಲಿನಾ ದ್ವೀಪದ ಬಳಿ 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಕೋಲು ಮತ್ತು ರೀಲ್‌ನಿಂದ 183 ಪೌಂಡಿನ ಬ್ಲೂಫಿನ್ ಹಿಡಿದರು. ಅದೇ ವರ್ಷ ಅವಲಾನ್ ಪಟ್ಟಣದಲ್ಲಿ ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದರು. ಈ ಜಾತಿಯ ವಿಶ್ವದಾಖಲೆ 411.6 ಕಿಲೋ, ಅದನ್ನು 2014ರಲ್ಲಿ ನ್ಯೂಜಿಲೆಂಡಿನ ಉತ್ತರಕ್ಕಿರುವ ತ್ರೀ ಕಿಂಗ್ಸ್ ದ್ವೀಪಗಳ ಬಳಿ ಹಿಡಿದವರು ಡೋನಾ ಪಾಸ್ಕೊ ಎಂಬ ಮಹಿಳೆ.

ಬೋಟು ಆರಿಸುವುದು, ಕಾಗದಪತ್ರ ಹೊಂದಿಸುವುದು

ಪಾಯಿಂಟ್ ಲೋಮಾದಲ್ಲಿ ಎಚ್ ಅಂಡ್ ಎಂ ಲ್ಯಾಂಡಿಂಗ್, ಫಿಶರ್‌ಮನ್ಸ್ ಲ್ಯಾಂಡಿಂಗ್, ಪಾಯಿಂಟ್ ಲೋಮಾ ಸ್ಪೋರ್ಟ್‌ಫಿಶಿಂಗ್ ಎಂಬ, ಬೋಟು ಹತ್ತುವ ಮೂರು ಕಟ್ಟೆಗಳು, ಅಂದರೆ ಲ್ಯಾಂಡಿಂಗ್‌ಗಳು, ಅಕ್ಕಪಕ್ಕದಲ್ಲಿವೆ. ಮಿಷನ್ ಬೇಯಲ್ಲಿ ಸೀಫೋರ್ತ್ ಇದೆ. ಜೀವಮಾನದ ದೊಡ್ಡ ಮೀನಿನ ಮೇಲೆ ಕಣ್ಣಿಟ್ಟವರು ಅರ್ಧ ದಿನದ ಅಥವಾ ಮುಕ್ಕಾಲು ದಿನದ ಪ್ರಯಾಣಗಳನ್ನು ಬಿಟ್ಟು ಒಂದೂವರೆಯಿಂದ ಎರಡೂವರೆ ದಿನದವುಗಳನ್ನೇ ಆರಿಸಬೇಕು. ದೊಡ್ಡ ಬ್ಲೂಫಿನ್‌ಗಳು ಹೆಚ್ಚಾಗಿ ಸುಳಿದಾಡುವುದು ಸ್ಯಾನ್ ಕ್ಲೆಮೆಂಟೆ ದ್ವೀಪದ ಸುತ್ತ ಮತ್ತು ಅದರಾಚೆಯ ಟ್ಯಾನರ್, ಕೋರ್ಟೆಸ್ ಎಂಬ ಮುಳುಗಿದ ದಿಬ್ಬಗಳ ಮೇಲೆ. ಕೋರ್ಟೆಸ್ ಬಂದರಿನಿಂದ ಸುಮಾರು 160 ಕಿಲೋಮೀಟರು ದೂರ. ಸಂಜೆ ಹೊರಟ ಬೋಟು ರಾತ್ರಿಯಲ್ಲೇ ಅಲ್ಲಿಗೆ ಮುಟ್ಟಬೇಕು, ಏಕೆಂದರೆ ದೊಡ್ಡ ಮೀನು ಕಚ್ಚುವ ಅತ್ಯುತ್ತಮ ವೇಳೆ ಬಹಳ ಸಲ ನಡುರಾತ್ರಿಯಿಂದ ಬೆಳಕು ಹರಿಯುವವರೆಗಿನದು. ಪ್ರಯಾಣಿಕರ ಸಂಖ್ಯೆಯನ್ನು ಮಿತಿಗೊಳಿಸಿದ ಬೋಟಿಗೆ ಹೆಚ್ಚು ಹಣ ಕೊಡಬೇಕಾದರೂ ಕೊಡಿ ಎಂದೇ ನನ್ನ ಸಲಹೆ. ನೂರು ಪೌಂಡಿನ ಮೀನು ಬೋಟಿನ ಸುತ್ತ ಎರಡು ಸಲ ತಿರುಗುವಾಗ ಪಕ್ಕದಲ್ಲಿ ನಲವತ್ತು ದಾರಗಳಿರುವುದಕ್ಕೂ ಇಪ್ಪತ್ತು ದಾರಗಳಿರುವುದಕ್ಕೂ ಅಜಗಜಾಂತರ.

ಹದಿನಾರು ವರ್ಷ ತುಂಬಿದವರಿಗೆ ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಪರವಾನಗಿ ಬೇಕು. ವಾರ್ಷಿಕ ಪರವಾನಗಿ 2023ರಿಂದ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ದಕ್ಷಿಣದ ಕಡಲಿಗೆ ಹೋಗುವವರು ಅದರ ಜೊತೆಗೆ ಓಶನ್ ಎನ್‌ಹಾನ್ಸ್‌ಮೆಂಟ್ ಎಂಬ ಹೆಚ್ಚುವರಿ ಅನುಮತಿಯನ್ನೂ ಕೊಳ್ಳಬೇಕು. ಬೋಟು ಮೆಕ್ಸಿಕೊದ ನೀರಿಗೆ ಇಳಿಯುವುದಾದರೆ ಪಾಸ್‌ಪೋರ್ಟ್ ಮತ್ತು ಆ ದೇಶದ ಅನುಮತಿ ಬೇಕಾಗುತ್ತದೆ. ಅಮೆರಿಕದಲ್ಲಿ ಕೆಲಸದ ಅಥವಾ ಓದಿನ ವೀಸಾದ ಮೇಲಿರುವ ನಮ್ಮವರು ಬೋಟು ಯಾವ ನೀರಿಗೆ ಹೋಗುತ್ತದೆ, ತಮ್ಮ ಬಳಿ ಯಾವ ಕಾಗದಗಳಿರಬೇಕು ಎಂಬುದನ್ನು ಟಿಕೆಟು ಕೊಳ್ಳುವ ಮೊದಲೇ ಲ್ಯಾಂಡಿಂಗ್ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು. ಸಸ್ಯಾಹಾರಿಗಳಾಗಿದ್ದರೆ ಅದನ್ನೂ ಆಗಲೇ ಹೇಳಿಡಿ. ಬೋಟಿನ ಅಡುಗೆಯವರು ಮೊದಲೇ ತಿಳಿಸಿದರೆ ಸಂತೋಷದಿಂದ ಮಾಡಿಕೊಡುತ್ತಾರೆ, ಕಡಲ ನಡುವೆ ಕೇಳಿದರೆ ಅವರ ಬಳಿ ಸಾಮಗ್ರಿ ಇರುವುದಿಲ್ಲ. ಬಾಳೆಹಣ್ಣನ್ನು ಮಾತ್ರ ಕಟ್ಟಿಕೊಂಡು ಹೋಗಬೇಡಿ. ಬೋಟಿನಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗುವುದಿಲ್ಲವೆಂಬ ನಂಬಿಕೆ ಇಲ್ಲಿನ ಕಡಲ ಕೆಲಸಗಾರರಲ್ಲಿ ಗಟ್ಟಿಯಾಗಿದೆ, ಅವರ ಮನಸ್ಸು ನೋಯಿಸುವುದರಿಂದ ನಮಗೇನೂ ಬರಬೇಕಾಗಿಲ್ಲ. ಸಮುದ್ರದಲ್ಲಿ ತಲೆಸುತ್ತು, ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಸಲಕರಣೆ, ಮುಖ್ಯವಾಗಿ ಡ್ರ್ಯಾಗ್

ಸಲಕರಣೆಯಲ್ಲಿ ಹಣ ಉಳಿಸಬೇಕಾದರೆ ಕೋಲಿನಲ್ಲಿ ಉಳಿಸಿ, ರೀಲಿನಲ್ಲಿ ಬೇಡ. ನೂರು ಪೌಂಡಿಗೆ ಮೀರಿದ ಮೀನಿಗೆ ಎರಡು ವೇಗದ, ಲಿವರ್ ಡ್ರ್ಯಾಗ್ ಇರುವ ರೀಲ್ ಬೇಕೇಬೇಕು: ಮೀನು ನಿಮ್ಮತ್ತ ಬರುವಾಗ ದಾರವನ್ನು ಸರಸರನೆ ಸುತ್ತಿಕೊಳ್ಳಲು ಮೇಲಿನ ಗೇರು, ಅದು ಕೆಳಗೆ ಬೇರುಬಿಟ್ಟು ನಿಂತಾಗ ಅಂಗುಲ ಅಂಗುಲವಾಗಿ ಮೇಲೆತ್ತಲು ಕೆಳಗಿನ ಗೇರು. ರೀಲಿನಲ್ಲಿ ನೂರು ಪೌಂಡು ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ ಕನಿಷ್ಠ 500 ಗಜ ಇರಲಿ, ಅದರ ತುದಿಗೆ ಫ್ಲೋರೊಕಾರ್ಬನ್ ಲೀಡರ್, ಅಂದರೆ ಕೊಕ್ಕೆ ಕಟ್ಟುವ, ನೀರಿನಲ್ಲಿ ಎದ್ದು ಕಾಣದ ಪ್ಲಾಸ್ಟಿಕ್ ದಾರದ ತುಂಡು ಇರಲಿ. ಇವೆಲ್ಲ ಇಲ್ಲದವರಿಗೆ ಲ್ಯಾಂಡಿಂಗ್‌ಗಳಲ್ಲೇ ಬಾಡಿಗೆಗೆ ಸಿಗುತ್ತವೆ. ಮೊದಲ ಸಲ ಹೋಗುವವರು ಬಾಡಿಗೆಗೆ ಪಡೆಯುವುದೇ ಜಾಣತನ, ಏಕೆಂದರೆ ಬೋಟಿನವರಿಗೆ ಆ ರೀಲುಗಳ ಗುಣದೋಷ ಚೆನ್ನಾಗಿ ಗೊತ್ತಿರುತ್ತದೆ.

ಡ್ರ್ಯಾಗ್ ಎಂದರೆ ಮೀನು ಎಳೆದಾಗ ರೀಲ್ ಎಷ್ಟು ಬಿಗಿಯಿಂದ ದಾರ ಬಿಡಬೇಕು ಎಂಬ ಏರ್ಪಾಡು. ಇದನ್ನು ಕೈಯಿಂದ ಎಳೆದು ಅಂದಾಜಿನಲ್ಲಿ ಹೊಂದಿಸುವವರೇ ಹೆಚ್ಚು, ಮೀನು ಕಳೆದುಕೊಳ್ಳುವವರಲ್ಲೂ ಅವರೇ ಹೆಚ್ಚು. ಮನೆಯಲ್ಲಿ ಒಂದು ತೂಗುತಕ್ಕಡಿ ಇಟ್ಟುಕೊಂಡು ಹೀಗೆ ಮಾಡಿ. ರೀಲನ್ನು ಕೋಲಿಗೆ ಬಿಗಿದು, ದಾರವನ್ನು ಎಲ್ಲ ಬಳೆಗಳ ಮೂಲಕ ಹಾಯಿಸಿ, ತುದಿಯನ್ನು ಕೊಕ್ಕೆಯಿರುವ ಸ್ಪ್ರಿಂಗ್ ಅಥವಾ ಡಿಜಿಟಲ್ ತಕ್ಕಡಿಗೆ ಕಟ್ಟಿ, ತಕ್ಕಡಿಯನ್ನು ಗಟ್ಟಿಯಾದ ಕಂಬಕ್ಕೆ ಬಿಗಿಯಿರಿ. ಕೋಲನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು ನಿಧಾನವಾಗಿ ಹಿಂದೆ ಸರಿಯುತ್ತಾ ಹೋಗಿ. ದಾರ ಬಿಡತೊಡಗಿದ ಕ್ಷಣದ ಅಂಕಿಯನ್ನಲ್ಲ, ಅದು ಸರಾಗವಾಗಿ ಓಡುತ್ತಿರುವಾಗಿನ ಅಂಕಿಯನ್ನು ಓದಬೇಕು. ಇವೆರಡರ ನಡುವೆ ದೊಡ್ಡ ಅಂತರ ಕಂಡರೆ ರೀಲಿನ ಒಳಗಿನ ಬಿಲ್ಲೆಗಳು ತಡವರಿಸುತ್ತಿವೆ ಎಂದರ್ಥ, ಅಂಥ ರೀಲನ್ನು ರಿಪೇರಿಗೆ ಕೊಡಿ. ದಾರದ ತಾಳಿಕೆಯ ನಾಲ್ಕರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಹೋರಾಟದ ಡ್ರ್ಯಾಗ್ ಇರಲಿ: ನೂರು ಪೌಂಡಿನ ಲೀಡರಿಗೆ 25ರಿಂದ 30 ಪೌಂಡು. ಲಿವರ್ ಎಲ್ಲಿ ನಿಂತಾಗ 15, ಎಲ್ಲಿ ನಿಂತಾಗ 25, ಎಲ್ಲಿ ನಿಂತಾಗ 30 ಪೌಂಡು ಬರುತ್ತದೆ ಎಂಬುದನ್ನು ರೀಲಿನ ಪಕ್ಕದಲ್ಲಿ ಸಣ್ಣ ಬಿಳಿ ಟೇಪಿನಿಂದ ಗುರುತು ಮಾಡಿಡಿ. ರಾತ್ರಿ ಎರಡು ಗಂಟೆಗೆ, ಅಲುಗಾಡುವ ಡೆಕ್ಕಿನ ಮೇಲೆ, ಎದೆ ಹೊಡೆದುಕೊಳ್ಳುತ್ತಿರುವಾಗ ನಂಬಬಹುದಾದದ್ದು ಆ ಗುರುತೊಂದೇ.

ಇದರ ಹಿಂದಿನ ಲೆಕ್ಕ ತಿಳಿದವರು ಗಾಬರಿಯಲ್ಲಿ ತಪ್ಪು ಮಾಡುವುದಿಲ್ಲ. ಮೀನು ದಾರ ಎಳೆದೊಯ್ದಂತೆಲ್ಲ ರೀಲಿನಲ್ಲಿ ಉಳಿದ ಸುರುಳಿಯ ವ್ಯಾಸ ಕಿರಿದಾಗುತ್ತದೆ. ವ್ಯಾಸ ಅರ್ಧಕ್ಕಿಳಿದರೆ, ಲಿವರನ್ನು ಮುಟ್ಟದಿದ್ದರೂ, ಡ್ರ್ಯಾಗ್ ಎರಡು ಪಟ್ಟಾಗುತ್ತದೆ. ಅದರ ಮೇಲೆ, ನೀರಿನಲ್ಲಿ ಬಿಲ್ಲಿನಂತೆ ಬಾಗಿ ಸಾಗುವ ನೂರಾರು ಮೀಟರು ದಾರವನ್ನು ಎಳೆಯುವ ಭಾರವೂ ಮೀನಿನ ಬಾಯಿಯ ಮೇಲೆ, ಗಂಟಿನ ಮೇಲೆ ಬೀಳುತ್ತದೆ. ಆದ್ದರಿಂದ ಮೀನು ದೂರ ಓಡುತ್ತಿರುವಾಗ ಡ್ರ್ಯಾಗ್ ಬಿಗಿ ಮಾಡಿ ನಿಲ್ಲಿಸಲು ಹೋಗುವುದು, ಅದಾಗಲೇ ತಾಳಿಕೆಯ ಅಂಚಿನಲ್ಲಿರುವ ದಾರವನ್ನು ಕೈಯಾರೆ ಕಡಿದಂತೆ. ಓಟ ಉದ್ದವಾದರೆ ಲಿವರನ್ನು ಒಂದಿಷ್ಟು ಹಿಂದಕ್ಕೆ ತನ್ನಿ, ದಾರ ಮರಳಿ ರೀಲು ತುಂಬಿದ ಮೇಲೆ ಗುರುತಿನ ಜಾಗಕ್ಕೆ ತಳ್ಳಿ.

ಗಂಟುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಬ್ರೇಡಿಗೂ ಲೀಡರಿಗೂ ಎಫ್‌ಜಿ ಗಂಟು, ಕೊಕ್ಕೆಗೆ ಸ್ಯಾನ್ ಡಿಯಾಗೊ ಗಂಟು, ಇವೆರಡನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಕಟ್ಟುವಷ್ಟು ರೂಢಿ ಮಾಡಿಕೊಳ್ಳಿ. 130 ಪೌಂಡಿಗೆ ಮೇಲ್ಪಟ್ಟ ಲೀಡರನ್ನು ಗಂಟಿನ ಬದಲು ಲೋಹದ ಕೊಳವೆ ಒತ್ತಿ ಬಿಗಿಯುವುದೇ ಕ್ಷೇಮ. ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದಲಾದರೂ ಒದ್ದೆ ಮಾಡಲೇಬೇಕು, ಒಣ ಫ್ಲೋರೊಕಾರ್ಬನ್ ತನ್ನ ಮೇಲೆ ತಾನೇ ಉಜ್ಜಿಕೊಂಡು ಬಿಸಿಯಾಗಿ ಒಳಗೊಳಗೇ ಸೀಳುತ್ತದೆ. ಪ್ರತಿ ಮೀನಿನ ನಂತರ, ಪ್ರತಿ ಸಿಕ್ಕು ಬಿಡಿಸಿದ ನಂತರ, ಲೀಡರಿನ ಕೊನೆಯ ಮೀಟರನ್ನು ತುಟಿಗಳ ನಡುವೆ ಎಳೆದು ನೋಡಿ. ಕಣ್ಣಿಗೆ ಕಾಣದ ತರಚು ತುಟಿಗೆ ತಿಳಿಯುತ್ತದೆ. ಒಂದು ಕಡೆ ಒರಟೆನಿಸಿದರೂ ಕತ್ತರಿಸಿ ಹೊಸದಾಗಿ ಕಟ್ಟಿ, ಆಗ ಸುತ್ತಲೂ ಎಲ್ಲರಿಗೂ ಮೀನು ಕಚ್ಚುತ್ತಿದ್ದರೂ ಸರಿಯೇ.

ಎರೆ, ಜಿಗ್, ಗಾಳಿಪಟ

ಬೋಟು ಬಂದರು ಬಿಡುವ ಮುನ್ನ ಕೊಲ್ಲಿಯಲ್ಲಿ ತೇಲುವ ಪಂಜರಗಳ ಬಳಿ ನಿಂತು ಜೀವಂತ ಸಾರ್ಡಿನ್‌ಗಳನ್ನು ಬಲೆಬಲೆಯಾಗಿ ತುಂಬಿಕೊಳ್ಳುತ್ತದೆ. ಮಂಗಳೂರು, ಮಲ್ಪೆಯ ಕಡೆಯವರಿಗೆ ಬೂತಾಯಿಯ ಈ ದಾಯಾದಿಯ ಪರಿಚಯ ಬೇರೆ ಹೇಳಬೇಕಾಗಿಲ್ಲ. ಎರೆಯ ಆಯ್ಕೆಯಲ್ಲಿ ತೋರುವ ಶ್ರದ್ಧೆಗೆ ತಕ್ಕ ಫಲ ಬಂದೇ ಬರುತ್ತದೆ: ಬೆನ್ನು ಹಸಿರಾಗಿ ಹೊಳೆಯುವ, ಹುರುಪೆ ಉದುರದ, ಗೋಡೆಗೆ ಗುದ್ದಿಕೊಂಡು ಮೂಗು ಕೆಂಪಾಗದ, ಹಿಡಿಯಲು ಹೋದರೆ ತಪ್ಪಿಸಿಕೊಳ್ಳುವ ಮೀನೇ ಬೇಕು. ಕೈ ಒದ್ದೆ ಮಾಡಿಕೊಂಡು ಹಗುರವಾಗಿ ಹಿಡಿದು, ಮೂಗಿಗೆ ಅಡ್ಡಲಾಗಿ ಅಥವಾ ಆಳಕ್ಕೆ ಈಜಬೇಕೆಂದಿದ್ದರೆ ಹೊಟ್ಟೆಯ ಹಿಂಭಾಗದಲ್ಲಿ ಕೊಕ್ಕೆ ತೂರಿಸಿ, ಬೋಟಿನ ಗಾಳಿ ಬೀಸುವ ಮಗ್ಗುಲಿನಿಂದ ನೀರಿಗೆ ಬಿಡಬೇಕು. ತೇಲುವ ಬೋಟನ್ನು ಗಾಳಿ ಆಚೆ ತಳ್ಳುವುದರಿಂದ ಆ ಮಗ್ಗುಲಿನ ದಾರ ತಾನಾಗಿ ದೂರ ಸರಿಯುತ್ತದೆ, ಇನ್ನೊಂದು ಮಗ್ಗುಲಿನದು ತಳದ ಕೆಳಗೆ ನುಗ್ಗುತ್ತದೆ. ಎರೆ ಈಜುವುದನ್ನು ನಿಲ್ಲಿಸಿದರೆ ಕಾಯುತ್ತಾ ನಿಲ್ಲದೆ ಬದಲಿಸಿ. ಮೀನು ಆಳದಲ್ಲಿದೆ ಎಂದು ಕ್ಯಾಪ್ಟನ್ ಹೇಳಿದರೆ, ಕೊಕ್ಕೆಗಿಂತ ಕೆಲವು ಮೀಟರು ಮೇಲೆ ಸೀಸದ ಗುಂಡನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಇಳಿಬಿಡುವ ಪದ್ಧತಿ ಇದೆ. ಮೀನು ಎಳೆದಾಗ ಅಥವಾ ದಾರ ಮೇಲೆ ಬಂದಾಗ ಆ ಬ್ಯಾಂಡನ್ನು ಹರಿದುಕೊಳ್ಳಬಹುದು.

ರಾತ್ರಿಯ ಹೊತ್ತಿನಲ್ಲಿ ಜಿಗ್‌ಗಳದ್ದೇ, ಅಂದರೆ ಕೊಕ್ಕೆ ಕಟ್ಟಿದ ಲೋಹದ ಹುಸಿ ಎರೆಗಳದ್ದೇ ಕಾರುಬಾರು. ಎಲೆಯಂತೆ ಅಡ್ಡಡ್ಡ ತೇಲುತ್ತಾ ಇಳಿಯುವ 200ರಿಂದ 300 ಗ್ರಾಂನ ಫ್ಲ್ಯಾಟ್‌ಫಾಲ್ ಮಾದರಿ, ಇಲ್ಲವೇ ಕತ್ತಿಯಂತೆ ಉದ್ದವಾದ, ಕತ್ತಲಲ್ಲಿ ಮಿನುಗುವ ನೈಫ್ ಜಿಗ್ ಬಳಸುತ್ತಾರೆ. ಮೀನು ಎಷ್ಟು ಅಡಿ ಆಳದಲ್ಲಿದೆ ಎಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳುತ್ತಿರುತ್ತಾರೆ. ಬಣ್ಣ ಬದಲಾಗುವ ಬ್ರೇಡ್ ಇದ್ದರೆ ಬಣ್ಣ ಎಣಿಸಿ ಸರಿಯಾಗಿ ಆ ಆಳಕ್ಕೇ ಇಳಿಸಬಹುದು, ಇದೊಂದು ಅನುಕೂಲಕ್ಕೇ ಅಂಥ ದಾರ ಕೊಳ್ಳಬೇಕು. ಇಳಿಯುವಾಗಲೇ ಹೆಚ್ಚು ಕಚ್ಚುವುದರಿಂದ ಹೆಬ್ಬೆರಳನ್ನು ಸುರುಳಿಯ ಮೇಲೆ ಹಗುರವಾಗಿ ಇಟ್ಟುಕೊಂಡಿರಿ. ದಾರ ಇದ್ದಕ್ಕಿದ್ದಂತೆ ನಿಂತರೆ ಅಥವಾ ಇಳಿಯುವ ವೇಗ ಹೆಚ್ಚಿದರೆ ಮೀನು ಬಾಯಿಗೆ ತೆಗೆದುಕೊಂಡಿದೆ ಎಂದು ತಿಳಿದು ತಕ್ಷಣ ಲಿವರನ್ನು ಮುಂದೆ ತಳ್ಳಿ ಸುತ್ತತೊಡಗಬೇಕು.

ಎಲ್ಲಕ್ಕಿಂತ ದೊಡ್ಡ ಮೀನುಗಳನ್ನು ತರುವುದು ಗಾಳಿಪಟ. ಗಾಳಿ ಸಾಲದಾಗ ಹೀಲಿಯಂ ಬಲೂನಿನ ನೆರವಿನಿಂದ ಹಾರಿಸಿದ ಪಟದ ದಾರಕ್ಕೆ ಗಾಳದ ದಾರವನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಹಾರುವ ಮೀನು ಅಥವಾ ಅದರ ರಬ್ಬರ್ ಪ್ರತಿರೂಪ ಅಲೆಯ ನೆತ್ತಿಯನ್ನು ತಟ್ಟುತ್ತಾ ಹೋಗುವಂತೆ ಮಾಡುತ್ತಾರೆ. ದಾರವಾಗಲಿ ಲೀಡರಾಗಲಿ ನೀರಿನಲ್ಲಿ ಇಲ್ಲದ್ದರಿಂದ ಎಚ್ಚರದ ದೊಡ್ಡ ಮೀನಿಗೂ ಸಂಶಯ ಬರುವುದಿಲ್ಲ. ಇದನ್ನು ಬೋಟಿನವರೇ ನಡೆಸುತ್ತಾರೆ, ಪ್ರಯಾಣಿಕರು ಸರದಿಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಸರದಿ ಬಂದಾಗ ಮಲಗಿರಬೇಡಿ.

ಮೊದಲ ಎರಡು ನಿಮಿಷ

ವೃತ್ತಾಕಾರದ ಕೊಕ್ಕೆ ಕಟ್ಟಿದ್ದರೆ ಕೋಲನ್ನು ಜಗ್ಗನೆ ಎತ್ತಬಾರದು. ಎರೆ ಹಿಡಿದ ಮೀನಿಗೆ ಮೂರು, ನಾಲ್ಕು ಎಣಿಸುವಷ್ಟು ಹೊತ್ತು ದಾರ ಬಿಟ್ಟು, ಕೋಲಿನ ತುದಿಯನ್ನು ಅದರತ್ತಲೇ ಚಾಚಿಕೊಂಡು, ಲಿವರನ್ನು ಮೆಲ್ಲಗೆ ಗುರುತಿನವರೆಗೆ ಒತ್ತಿ. ದಾರ ಬಿಗಿಯಾಗುತ್ತಾ ಬಂದಂತೆ ಕೊಕ್ಕೆ ತಾನಾಗಿ ಜಾರಿ ಬಾಯಿಯ ಮೂಲೆಗೆ ನೆಡುತ್ತದೆ. ಆಮೇಲೆ ಓಟ. ಅದರ ವೇಗವನ್ನು ಮಾತಿನಲ್ಲಿ ಹೇಳುವುದು ಕಷ್ಟ. ರೀಲಿನ ಬಣ್ಣಗಳು ಒಂದಕ್ಕೊಂದು ಕಲಸಿಹೋಗುತ್ತವೆ, ಸುರುಳಿಯಿಂದ ನೀರಿನ ಹನಿಗಳು ಮುಖಕ್ಕೆ ಎರಚುತ್ತವೆ. ಈ ಹೊತ್ತಿನಲ್ಲಿ ಸುರುಳಿಯನ್ನು ಬೆರಳಿನಿಂದ ತಡೆಯಲು ಹೋದರೆ ಬೆರಳಿಗೇ ಅಪಾಯ, ಲಿವರನ್ನು ಹೆಚ್ಚಿಸಿದರೆ ದಾರಕ್ಕೆ ಅಪಾಯ. ಹಿಡಿಕೆ ತಿರುಗಿಸುವುದರಿಂದಲೂ ಪ್ರಯೋಜನವಿಲ್ಲ. ಮಾಡಬೇಕಾದ ಕೆಲಸ ಒಂದೇ: ಮೀನಿನ ಹಿಂದೆ ನಡೆಯುವುದು.

ದಾರ ಯಾವಾಗಲೂ ನಿಮ್ಮ ಎದೆಗೆ ನೇರವಾಗಿ ಹೊರಗೆ ಹೋಗುತ್ತಿರಬೇಕು. ಎಡಕ್ಕೆ ವಾಲಿದರೆ ಎಡಕ್ಕೆ ನಡೆಯಿರಿ, ಬಲಕ್ಕೆ ವಾಲಿದರೆ ಬಲಕ್ಕೆ. ಓರೆಯಾದ ದಾರವೇ ಪಕ್ಕದವರ ದಾರಕ್ಕೆ ಸುತ್ತಿಕೊಳ್ಳುವುದು, ಬಿಗಿಯಾದ ಎರಡು ದಾರಗಳು ಉಜ್ಜಿದರೆ ಒಂದಾದರೂ ಹೋಗುತ್ತದೆ. ನಡೆಯುವಾಗ ಬೇರೆಯವರ ಕೋಲಿನ ಮೇಲಿಂದಲೋ ಕೆಳಗಿಂದಲೋ ದಾಟಬೇಕಾಗುತ್ತದೆ, ಆಗ ಗಟ್ಟಿಯಾಗಿ ಕೂಗಿ ಹೇಳಿ. ಇಲ್ಲಿ ಸಂಕೋಚ ಪಡುವವರಿದ್ದಾರೆ, ನಮ್ಮ ಕಡೆಯವರಲ್ಲಿ ಹೆಚ್ಚು. ಅಪರಿಚಿತರ ನಡುವೆ ಕೂಗುವುದು ಒರಟುತನವೆನಿಸಬಹುದು; ಆದರೆ ಬೋಟಿನಲ್ಲಿ ಕೂಗದೆ ದಾಟುವುದೇ ಒರಟುತನ. ಡೆಕ್‌ಹ್ಯಾಂಡ್, ಅಂದರೆ ಬೋಟಿನ ಕೆಲಸಗಾರ, ಬಂದು ನಿಮ್ಮ ಕೋಲನ್ನು ಹಿಡಿದು ಇನ್ನೊಬ್ಬರ ಕೋಲಿನ ಅಡಿಯಿಂದ ಹಾಯಿಸಿಕೊಟ್ಟರೆ ಸಿಟ್ಟಾಗಬೇಡಿ. ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆಯ ನಿಯಮದಂತೆ ಹೋರಾಟದ ನಡುವೆ ಬೇರೊಬ್ಬರು ಕೋಲು, ರೀಲು, ದಾರ ಮುಟ್ಟಿದರೆ ಅದು ದಾಖಲೆಗೆ ಸಲ್ಲುವುದಿಲ್ಲ, ನಿಜ. ಆದರೆ ತುಂಬಿದ ಬೋಟಿನಲ್ಲಿ ಹೋರಾಡುವಾಗ ಆ ನೆರವು ಅನಿವಾರ್ಯ, ನಿಮ್ಮ ಸ್ವಂತ ಲೆಕ್ಕದ ಅತಿ ದೊಡ್ಡ ಮೀನಿಗೆ ಅದರಿಂದ ಕುಂದಿಲ್ಲವೆಂದು ನಾನು ಭಾವಿಸುತ್ತೇನೆ. ಕೋಲನ್ನೇ ಇನ್ನೊಬ್ಬರಿಗೆ ಕೊಟ್ಟು ಕೂತರೆ ಆ ಮಾತು ಬೇರೆ.

ನಡುವಿನ ದುಡಿಮೆ

ಓಟ ನಿಂತ ಮೇಲೆ ಕೋಲನ್ನು ಬೋಟಿನ ಅಂಚುಗಟ್ಟೆಯ ಮೇಲೆ, ರೀಲಿನ ಮುಂದಿನ ಹಿಡಿಯ ಭಾಗ ಕೂರುವಂತೆ ಇಟ್ಟು, ಬುಡವನ್ನು ಕಾಲುಗಳ ನಡುವೆ ಕೆಳಗಿಳಿಸಿ. ಈಗ ಮೀನಿನ ಭಾರ ಹೊರುವುದು ಕಟ್ಟೆಯೇ ಹೊರತು ನಿಮ್ಮ ಸೊಂಟವಲ್ಲ. ಕೆಳಗಿನ ಗೇರಿಗೆ ಬದಲಿಸಿ, ಬುಡವನ್ನು ಒಂದಿಷ್ಟು ಕೆಳಗೊತ್ತಿ ತುದಿಯನ್ನು ಎತ್ತಿ, ಅದು ಇಳಿಯುವಾಗ ಅರ್ಧ ಸುತ್ತು, ಕಾಲು ಸುತ್ತು, ಸಿಕ್ಕಿದಷ್ಟು ಸುತ್ತಿಕೊಳ್ಳಿ. ಆಳದ ಬಾವಿಯಿಂದ ತುಂಬಿದ ಕೊಡ ಸೇದುವವರು ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈಯಿಂದ ಹಿಡಿಯುವಂತೆ, ಇಲ್ಲೂ ಬಿಗಿ ಒಂದು ಗಳಿಗೆಯೂ ಸಡಿಲಬಾರದು. ಉದ್ದುದ್ದ ಎತ್ತುವಿಕೆಯಿಂದ ತೋಳು ದಣಿಯುತ್ತದೆ, ಇಳಿಸುವಾಗ ದಾರ ಸಡಿಲಗೊಳ್ಳುತ್ತದೆ, ಮೀನಿನ ತಲೆ ಮತ್ತೆ ಕೆಳಕ್ಕೆ ತಿರುಗುತ್ತದೆ. ದಾರ ಸುತ್ತುವಾಗ ಎಡಗೈ ಹೆಬ್ಬೆರಳಿನಿಂದ ಅದನ್ನು ಸುರುಳಿಯ ಅಗಲಕ್ಕೂ ಸಮನಾಗಿ ಹರಡಿ. ಒಂದೇ ಕಡೆ ದಿಣ್ಣೆಯಾಗಿ ಕೂತ ದಾರ ಮುಂದಿನ ಓಟದಲ್ಲಿ ಕುಸಿದು ಸಿಕ್ಕಾಗುತ್ತದೆ. ನೀರು ಬೇಕಿದ್ದರೆ ಕುಡಿಸಲು ಯಾರಿಗಾದರೂ ಹೇಳಿ, ಕೈ ಬಿಡಬೇಡಿ.

ಕೊನೆಯ ಹತ್ತು ಮೀಟರು

ದಣಿದ ಬ್ಲೂಫಿನ್ ಬೋಟಿನ ಕೆಳಗೆ ಮಗ್ಗುಲಾಗಿ ಸುತ್ತು ಹಾಕತೊಡಗುತ್ತದೆ. ಬೋಟಿನವರು ಇದನ್ನು ಡೆತ್ ಸರ್ಕಲ್ ಎನ್ನುತ್ತಾರೆ. ಹೆಸರು ಕೇಳಿ ಗೆಲುವು ಕೈಗೆ ಬಂತೆಂದು ಭಾವಿಸಬಾರದು. ಕೊಕ್ಕೆಯ ರಂಧ್ರ ಈಗಾಗಲೇ ಅಗಲವಾಗಿದೆ, ಲೀಡರ್ ಸವೆದಿದೆ, ಉಳಿದ ದಾರ ಕಡಿಮೆಯಾದ್ದರಿಂದ ಒಂದು ಕೊಡವಿಗೂ ಹಿಗ್ಗುವಷ್ಟು ಎಡೆಯಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಅರ್ಧದಲ್ಲಿ ಮೀನು ನಿಮ್ಮಿಂದ ದೂರ ಹೋಗುತ್ತದೆ, ಇನ್ನೊಂದು ಅರ್ಧದಲ್ಲಿ ನಿಮ್ಮತ್ತ ಬರುತ್ತದೆ. ದೂರ ಹೋಗುವಾಗ ಸುಮ್ಮನೆ ಹಿಡಿದು ನಿಲ್ಲಬೇಕು, ದಾರ ಬಿಟ್ಟರೂ ಬಿಡಲಿ. ನಿಮ್ಮತ್ತ ತಿರುಗಿದ ಕ್ಷಣದಲ್ಲಿ ಕೋಲಿನ ತುದಿ ತುಸು ಹಗುರಾಗುತ್ತದೆ. ಆಗ ಸಿಕ್ಕಿದ್ದನ್ನೆಲ್ಲ ಸುತ್ತಿಕೊಳ್ಳಬೇಕು. ಒಂದು ಸುತ್ತಿಗೆ ಒಂದು ಮೀಟರು ಗಳಿಸಿದರೆ ಅದು ಒಳ್ಳೆಯ ಗಳಿಕೆ. ಸುತ್ತು ಮತ್ತೆ ಮತ್ತೆ ಅದೇ ಆಳದಲ್ಲಿ ನಡೆಯುತ್ತಿದ್ದರೆ, ಲಿವರನ್ನು ಒಂದೇ ಒಂದು ಗೆರೆಯಷ್ಟು ಮುಂದೆ ತಳ್ಳಿ ನೋಡಬಹುದು, ಅದೂ ಪಕ್ಕದಲ್ಲಿರುವ ಡೆಕ್‌ಹ್ಯಾಂಡ್ ಒಪ್ಪಿದರೆ ಮಾತ್ರ.

ಮೀನು ತಳದ ಕೆಳಗೆ ನುಗ್ಗಿದರೆ ಕೋಲನ್ನು ಕಟ್ಟೆಯಿಂದೆತ್ತಿ ತುದಿಯನ್ನು ನೀರಿನೊಳಕ್ಕೇ ಇಳಿಸಿ. ದಾರ ತಳದ ಅಂಚಿಗೆ, ಅಲ್ಲಿಗಂಟಿದ ಚಿಪ್ಪುಗಳಿಗೆ ತಾಗದಂತೆ ಕಾಪಾಡುವ ಬೇರೆ ದಾರಿಯಿಲ್ಲ. ಹಾಗೆಯೇ ಮುಂಭಾಗದತ್ತಲೋ ಹಿಂಭಾಗದತ್ತಲೋ ಡೆಕ್‌ಹ್ಯಾಂಡ್ ಹೇಳಿದ ಕಡೆ ನಡೆದು ಆಚೆ ಮಗ್ಗುಲಿಗೆ ದಾಟಿಕೊಳ್ಳಿ.

ಆಮೇಲೆ ಆಳದಲ್ಲಿ ಮಸುಕಾದ ಹಸಿರು-ಬೆಳ್ಳಿಯ ಬಣ್ಣವೊಂದು ತಿರುಗುವುದು ಕಾಣುತ್ತದೆ. ಆಗ ಬಣ್ಣ ಕಂಡಿತೆಂದು, ಇಲ್ಲಿನ ರೂಢಿಯಂತೆ ಕಲರ್ ಎಂದು, ಕೂಗಿದರೆ ಗ್ಯಾಫ್ ಎಂಬ ಉದ್ದ ಕೊಕ್ಕೆಗೋಲುಗಳೊಂದಿಗೆ ಕೆಲಸಗಾರರು ಓಡಿಬರುತ್ತಾರೆ. ಇಲ್ಲಿಂದ ಮುಂದೆ ನಿಮ್ಮ ನಿರ್ಧಾರವೇನೂ ಇಲ್ಲ, ಅವರು ಹೇಳಿದ್ದನ್ನು ಮಾಡಬೇಕು. ಡ್ರ್ಯಾಗನ್ನು ಮುಟ್ಟಬೇಡಿ. ಮೀನಿನ ಮುಖ ನೀರಿನಿಂದ ಮೇಲೆ ಬರುವಂತೆ ಎತ್ತಬೇಡಿ. ಗಾಳಿಗೆ ಬಂದ ತಲೆ ಕೊಡವಿಕೊಳ್ಳುತ್ತದೆ, ಕೊಡವಿದ ತಲೆಯಿಂದ ಕೊಕ್ಕೆ ಹಾರುತ್ತದೆ. ಬೆಳಕು ಕಂಡ ಮೀನು ಕೊನೆಯದಾಗಿ ಒಮ್ಮೆ ಧುಮುಕುವುದು ಖಂಡಿತ ಎಂದೇ ಎಣಿಸಿ ಸಿದ್ಧರಾಗಿರಿ, ಅದು ಧುಮುಕಿದಾಗ ಕೋಲು ಬಾಗಲಿ, ದಾರ ಹೋಗಲಿ. ಆ ಹತ್ತು ಮೀಟರನ್ನು ಮರಳಿ ಗಳಿಸಬಹುದು, ತುಂಡಾದ ಲೀಡರನ್ನು ಜೋಡಿಸಲಾಗುವುದಿಲ್ಲ. ಮೊದಲ ಗ್ಯಾಫ್ ತಲೆಯ ಭಾಗಕ್ಕೆ ನೆಟ್ಟ ಕೂಡಲೇ, ಬಹಳ ಜನ ಮರೆಯುವ ಒಂದು ಕೆಲಸವಿದೆ: ಲಿವರನ್ನು ಹಿಂದಕ್ಕೆಳೆದು ಸುರುಳಿಯನ್ನು ಹೆಬ್ಬೆರಳಿನಿಂದ ಹಗುರವಾಗಿ ತಡೆದು ನಿಲ್ಲಿ. ಗ್ಯಾಫ್ ಕಿತ್ತುಕೊಂಡು ಮೀನು ಮತ್ತೆ ಬಿದ್ದರೂ ದಾರ ಹರಿಯದೆ ಬಿಟ್ಟುಕೊಳ್ಳುತ್ತದೆ, ಹೋರಾಟ ಮುಂದುವರಿಸಬಹುದು. ಎರಡನೆಯ, ಮೂರನೆಯ ಗ್ಯಾಫ್ ಬಿದ್ದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಅವರಿಗೆ ಜಾಗ ಕೊಡಿ. ಡೆಕ್ಕಿಗೆ ಬಿದ್ದ ಮೀನಿನ ಬಾಲದ ಹೊಡೆತಕ್ಕೆ ಕಾಲಿನ ಎಲುಬು ಮುರಿಯಬಹುದು.

ಡೆಕ್ಕಿಗೆ ಬಂದ ಮೇಲೆ

ಫೋಟೊ ತೆಗೆಸಿಕೊಳ್ಳುವ ಮೊದಲು ರಕ್ತ ಬಸಿಯಲು ಬಿಡಿ. ಕೆಲಸಗಾರರು ಮೆದುಳಿಗೆ ಚುಚ್ಚಿ ಮೀನಿನ ನೋವು ಮುಗಿಸಿ, ಕಿವಿರಿನ ಬಳಿ ಮತ್ತು ಎದೆಯ ರೆಕ್ಕೆಯ ಹಿಂದೆ ಕೊಯ್ದು ರಕ್ತ ಹರಿಸಿ, ಹಿಮಬಿಂದುವಿನ ಹತ್ತಿರಕ್ಕೆ ತಂಪು ಮಾಡಿದ ಸಮುದ್ರದ ನೀರಿನ ತೊಟ್ಟಿಗೆ ಇಳಿಸುತ್ತಾರೆ. ಬೆಚ್ಚನೆಯ ಮೈಯ ಈ ಮೀನಿಗೆ ಇದು ತಡವಾದಷ್ಟೂ ಮಾಂಸದ ಬಣ್ಣ, ಹದ ಎರಡೂ ಕೆಡುತ್ತವೆ.

ಬೋಟಿನಲ್ಲಿ ನಂಬುವಂಥ ತಕ್ಕಡಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ತೊಟ್ಟಿಗೆ ಇಳಿಸುವ ಮುನ್ನ ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದವನ್ನೂ, ಮೈ ಅತಿ ದಪ್ಪವಿರುವಲ್ಲಿ ಸುತ್ತಳತೆಯನ್ನೂ ಅಂಗುಲಗಳಲ್ಲಿ ಅಳೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡುಗಳಲ್ಲಿ ಹತ್ತಿರದ ತೂಕ ಸಿಗುತ್ತದೆ: 70 ಅಂಗುಲ ಉದ್ದ, 48 ಅಂಗುಲ ಸುತ್ತಳತೆಯ ಮೀನು ಸುಮಾರು 202 ಪೌಂಡು, ಅಂದರೆ 91 ಕಿಲೋದಷ್ಟು. ರಕ್ತ ಬಸಿದು ಕರುಳು ತೆಗೆದ ಮೀನನ್ನು ಬಂದರಿನ ತಕ್ಕಡಿಯಲ್ಲಿ ತೂಗಿದಾಗ ಇದಕ್ಕಿಂತ ಕಡಿಮೆ ಬರುವುದು ಸಹಜ. ನಿಮ್ಮ ಪುಸ್ತಕದಲ್ಲಿ ಎರಡನ್ನೂ ಬರೆದಿಟ್ಟುಕೊಳ್ಳಿ.

ಅಮೆರಿಕದ ನೀರಿನಲ್ಲಿ 2015ರಲ್ಲಿ ಬ್ಲೂಫಿನ್ ಮಿತಿಯನ್ನು ಒಬ್ಬರಿಗೆ ದಿನಕ್ಕೆ ಎರಡಕ್ಕೆ ಇಳಿಸಲಾಯಿತು. ಅತಿಯಾದ ಮೀನುಗಾರಿಕೆಯಿಂದ ಕುಸಿದಿದ್ದ ಈ ಸಂತತಿ ಈಗ ಚೇತರಿಸಿಕೊಂಡಿರುವುದರಲ್ಲಿ ಹಲವು ದೇಶಗಳ ಇಂಥ ಮಿತಿಗಳ ಪಾಲಿದೆ, ಹಾಗಾಗಿ ಹೊರಡುವ ಮುನ್ನ ಆ ಹೊತ್ತಿನ ನಿಯಮವನ್ನು ನೋಡಿಕೊಂಡು ಅದನ್ನು ಮನಃಪೂರ್ವಕವಾಗಿ ಪಾಲಿಸಬೇಕು. ಕಡಲಿನಲ್ಲೇ ಮೀನು ಕೊಯ್ಸುವುದಾದರೆ ನಾಲ್ಕು ಉದ್ದ ತುಂಡುಗಳು, ಎದೆಯ ರೆಕ್ಕೆಗಳಿರುವ ಕತ್ತಿನ ಭಾಗ, ಹೊಟ್ಟೆಯ ಭಾಗ ಎಂದು ಆರು ತುಂಡು ಮಾಡಿ ಒಂದು ಮೀನಿಗೆ ಒಂದು ಚೀಲದಂತೆ ಇಡಬೇಕೆಂಬ ನಿಯಮವಿದೆ, ಅಧಿಕಾರಿಗಳಿಗೆ ಜಾತಿ ಗುರುತಿಸಲು ಅನುಕೂಲವಾಗಲೆಂದು. ಕೆಲಸಗಾರರಿಗೆ ಟಿಕೆಟಿನ ಬೆಲೆಯ ಶೇಕಡಾ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಇಲ್ಲಿನ ರೂಢಿ. ದೊಡ್ಡ ಮೀನಿಗೆ ಜೊತೆ ನಿಂತವರಿಗೆ ಅದಕ್ಕಿಂತ ಹೆಚ್ಚು ಕೊಟ್ಟರೂ ತಪ್ಪಿಲ್ಲ. ನಿಮ್ಮ ಮೀನಿಗೆ ಹಾಕಿದ ಟ್ಯಾಗಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ದೊಡ್ಡ ಐಸ್ ಪೆಟ್ಟಿಗೆಯನ್ನು ಕಾರಿನಲ್ಲೇ ಸಿದ್ಧವಾಗಿಟ್ಟಿರಿ. ನೂರು ಪೌಂಡಿನ ಮೀನಿನ ಮಾಂಸ ಒಂದು ಮನೆಯ ಫ್ರಿಜ್ಜಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಯಾರ ಯಾರ ಮನೆಗೆ ಎಷ್ಟು ಕೊಡಬೇಕು ಎಂಬುದನ್ನು ಬಂದರಿನಿಂದ ಹೊರಡುವ ಮೊದಲೇ ಫೋನು ಮಾಡಿ ಗೊತ್ತು ಮಾಡಿಕೊಳ್ಳಿ.